ಹಣಿಗೆಯ ಆ ಕಡೆ

"ಬುದ್ಧಿ, ನಾನು ಮತ್ತೆ ಹತ್ತನೇ ಕ್ಲಾಸಿಗೇ ಹೋಗಿ ಕೂತ್ಕೊಳ್ಳಲೋ, ಬೇಡವೋ?"

ದಾಕ್ಷಾಯಿಣಿ ಕೇಳಿದ್ದು ಇಷ್ಟೇ. ಕೇಳಿದವಳು ತಲೆ ಎತ್ತಲಿಲ್ಲ. ಮಠದ ಹಿರಿಯ ಸ್ವಾಮಿಗಳು ದಾಸೋಹದ ಅಕ್ಕಿ ಆರಿಸುತ್ತಾ ಕೂತಿದ್ದರು. ಅದೇನು ಆನೆ ಅಂಬಾರಿ ಇರುವ ಮಠವಲ್ಲ. ನೇಕಾರರ ಬೀದಿಯ ಕೊನೆಯಲ್ಲಿ ಒಂದು ಹಜಾರ, ಹಿಂದೆ ಒಂದು ಅಡುಗೆಮನೆ, ಅಷ್ಟೇ. ಸ್ವಾಮಿಗಳೇ ಕೂತು ಕಲ್ಲು ಆರಿಸದಿದ್ದರೆ ಊಟಕ್ಕೆ ಬಂದವರ ಹಲ್ಲಿಗೆ ಸಂಚಕಾರ.

ಸೋಮವಾರ ಸಂಜೆ ದಾಕ್ಷಿಯೂ ಅವಳ ತಂಗಿ ಬಿಂದುವೂ ಬಂದು ಈ ಕೆಲಸಕ್ಕೆ ಕೈ ಹಾಕುವುದು ಲಂಗ ಉಡುವ ಕಾಲದಿಂದ ನಡೆದುಬಂದ ರೂಢಿ. ಸ್ವಾಮಿಗಳು ಆ ರೂಢಿಯಂತೆ ಎರಡು ಮೊರ ತೆಗೆದಿಟ್ಟಿದ್ದರು. ಒಂದನ್ನು ದಾಕ್ಷಿ ತೊಡೆಯ ಮೇಲೆ ಎಳೆದುಕೊಂಡಿದ್ದಳು. ಇನ್ನೊಂದು ಖಾಲಿ ಮೊರ ಅವಳ ಮಗ್ಗುಲಲ್ಲೇ ಇತ್ತು.

"ಅದೇನು ಹೋಗಲೋ ಬೇಡವೋ? ಬಿಡಿಸಿ ಹೇಳವ್ವ" ಎಂದರು ಸ್ವಾಮಿಗಳು.

ದಾಕ್ಷಿ ಹೇಳಿದಳು. ಎಸ್ಸೆಸ್ಸೆಲ್ಸಿಯಲ್ಲಿ ಗಣಿತವೂ ವಿಜ್ಞಾನವೂ ಕೈಕೊಟ್ಟಿದ್ದವು. ಜೊತೆಯವರೆಲ್ಲ ಪಿಯುಸಿ ಸೇರಿ ಬಣ್ಣಬಣ್ಣದ ಬಟ್ಟೆ ಹಾಕಿಕೊಂಡು ಬಸ್ಸು ಹತ್ತುತ್ತಿದ್ದರು. ಹೆಡ್ಮಾಸ್ಟರು ಒಳ್ಳೆಯವರು, ಮನೆಯ ತನಕ ಬಂದು, "ಮನೆಯಲ್ಲಿ ಕೂತು ಓದಿ ಪಾಸು ಮಾಡ್ತೀನಿ ಅನ್ನೋದೆಲ್ಲ ಆಗದ ಮಾತು ಮಗು. ಶಾಲೆಗೇ ಬಂದು ಇನ್ನೊಂದು ವರ್ಷ ಕೂತ್ಕೋ" ಎಂದು ಹೇಳಿ ಹೋಗಿದ್ದರು. ಒಳ್ಳೆಯ ಮಾತೇ. ಆದರೆ ಆ ಬಾಗಿಲು, ಆ ಬೆಂಚು, ಹಾಜರಿ ಕೂಗುವ ಅದೇ ಮೇಷ್ಟ್ರು!

"ಮನೆಯಲ್ಲಿ ಗೋಡೆ ಕಡೆ ಮುಖ ಮಾಡಿ ಮಲಗಿರ್ತೀನಿ ಬುದ್ಧಿ. ಬಾಗಿಲಲ್ಲಿ ಯಾರದಾದರೂ ದನಿ ಕೇಳಿದರೆ ಸಾಕು, ನನ್ನ ವಿಷಯ ಕೇಳೋಕೇ ಬಂದಿದ್ದಾರೆ ಅನ್ಸುತ್ತೆ. ಅಪ್ಪ ಹೋಟೆಲಿನಲ್ಲಿ ಗಿರಾಕಿಗಳ ಹತ್ತಿರ 'ಸ್ವಲ್ಪದರಲ್ಲಿ ಹೋಯ್ತು, ಸ್ವಲ್ಪದರಲ್ಲಿ ಹೋಯ್ತು' ಅಂತ ಸುಳ್ಳು ಹೇಳ್ತಾರೆ. ಸ್ವಲ್ಪದರಲ್ಲಿ ಹೋಗಿಲ್ಲ. ಪೂರ್ತಿ ಹೋಗಿದೆ."

ಸ್ವಾಮಿಗಳು ಒಂದು ಕಲ್ಲು ಹೆಕ್ಕಿ ಪಕ್ಕಕ್ಕೆ ಹಾಕಿದರು.

"ಪುಸ್ತಕ ಎಲ್ಲಾನೂ ಹಂಡೆ ಒಲೆಗೆ ಹಾಕ್ಬಿಟ್ಟೆ. ಯೂನಿಫಾರಂನ ಯಾರಿಗೋ ಕೊಟ್ಟೆ. ಹೋಗೋದಾದರೆ ಎಲ್ಲಾನೂ ಹೊಸದಾಗೇ ಶುರು ಮಾಡ್ತೀನಿ ಬುದ್ಧಿ. ಹಳೇದರ ಗುರುತೂ ಇರಬಾರದು. ಇಲ್ಲಾಂದ್ರೆ ಹೋಗೋದೇ ಇಲ್ಲ. ಎರಡರಲ್ಲಿ ಯಾವುದು, ನೀವೇ ಹೇಳ್ಬಿಡಿ."

ನೋಡಿ ಮತ್ತೆ, ಅವಳು ಹೇಳಿದ್ದು ಅರ್ಧ. ಉಳಿದರ್ಧ ಗಂಟಲಲ್ಲೇ ಕೂತಿತ್ತು. ಅದು ಬಿಂದುವಿನ ಅರ್ಧ.

ಬಿಂದು ಒಂದೇ ವರ್ಷಕ್ಕೆ ಚಿಕ್ಕವಳು. ಒಂಬತ್ತು ಮುಗಿಸಿ ಈ ವರ್ಷ ಹತ್ತಕ್ಕೆ ಬಂದಿದ್ದಳು. ದಾಕ್ಷಿ ಹೋದರೆ ಅಕ್ಕತಂಗಿಯರಿಬ್ಬರೂ ಒಂದೇ ಕೋಣೆಯಲ್ಲಿ, ಒಂದೇ ಬೆಂಚಿನಲ್ಲಿ. ಬಿಂದುವಿಗೆ ಗಣಿತ ನೀರು ಕುಡಿದ ಹಾಗೆ. ಪರೀಕ್ಷೆಗೆ ಮುಂಚೆ ಒಂದು ದಿನ, ಅಕ್ಕ ಲೆಕ್ಕ ಬಿಡಿಸುವುದನ್ನು ಇಣುಕಿ ನೋಡಿ, "ಅಕ್ಕಾ, ಆ ಕಡೆಗೆ ಹೋದಾಗ ಪ್ಲಸ್ಸು ಮೈನಸ್ಸಾಗುತ್ತೆ ಕಣೇ. ನೀನು ಹಾಗೇ ಬರ್ಕೊಂಡು ಹೋಗ್ತಿದ್ದೀಯ. ಎಲ್ಲಾದರಲ್ಲೂ ಹಾಗೇ ಮಾಡಿದ್ದೀಯ" ಎಂದಿದ್ದಳು. ದಾಕ್ಷಿ ಪುಸ್ತಕವನ್ನು ಅವಳ ಮುಖದ ಮೇಲೆ ಬೀಸಿದ್ದಳು. ಪರೀಕ್ಷೆಯಲ್ಲಿ ಹಾಗೇ ಬರೆದು ಬಂದಳು.

ಫಲಿತಾಂಶ ಬಂದ ವಾರದಲ್ಲಿ ಅಪ್ಪ, "ಅದಕ್ಕೇನಂತೆ, ಇಬ್ಬರೂ ಜೊತೇಲಿ ಹೋಗಿ. ಬಿಂದು ಹೇಳಿಕೊಡ್ತಾಳೆ" ಎಂದರು. ಅವರು ಹೇಳಿದ್ದು ಸಮಾಧಾನಕ್ಕೆ. ದಾಕ್ಷಿಗೆ ಮೈಯೆಲ್ಲ ಉರಿದುಹೋಯಿತು. "ಅವಳು ಕೂತ ಕ್ಲಾಸಲ್ಲಿ ನಾನು ಕಾಲಿಡಲ್ಲ. ಒಂದೋ ಅವಳು, ಇಲ್ಲಾ ನಾನು!" ಎಂದು ಕಿರುಚಿದಳು. ಬಸ್‌ಸ್ಟ್ಯಾಂಡಿನ ಪಕ್ಕ ಅಪ್ಪನದೊಂದು ಇಡ್ಲಿ ಹೋಟೆಲು. ಕೆಲಸದವನು ಬಿಟ್ಟುಹೋಗಿದ್ದ. ಅಮ್ಮನ ಮಂಡಿ ಊದಿಕೊಂಡು ಒಲೆ ಮುಂದೆ ನಿಲ್ಲಲಾಗುತ್ತಿರಲಿಲ್ಲ. ಕೊನೆಗೆ ಬಿಂದುವೇ ಬಾಯಿ ಬಿಟ್ಟಳು: "ಅಕ್ಕನೇ ಹೋಗಲಿ ಅಪ್ಪಾ. ನಾನು ಹೋಟೆಲಿಗೆ ಬರ್ತೀನಿ."

ಮಾರನೆಯ ಬೆಳಿಗ್ಗೆಯಿಂದ ಬಿಂದು ಹೋಟೆಲಿನ ಹಿತ್ತಿಲಲ್ಲಿ ತಟ್ಟೆ ತೊಳೆಯುತ್ತಿದ್ದಾಳೆ. ಶಾಲೆ ಶುರುವಾಗಿದೆ. ಅವಳು ಬಿಟ್ಟುಕೊಟ್ಟ ಜಾಗಕ್ಕೆ ಹೋಗಿ ಕೂರುವ ಮುಖ ದಾಕ್ಷಿಗಿಲ್ಲ. ಹೀಗಾಗಿ ಇಬ್ಬರಲ್ಲಿ ಒಬ್ಬಳೂ ಶಾಲೆಯಲ್ಲಿಲ್ಲ. ದಾಖಲಾತಿ ಮುಗಿಯುವ ತನಕ ಬಾಗಿಲು ಇಬ್ಬರಿಗೂ ತೆರೆದೇ ಇರುತ್ತದೆ. ಆಮೇಲೆ ಇಬ್ಬರಿಗೂ ಮುಚ್ಚುತ್ತದೆ. ಬೆಳಿಗ್ಗೆ ಬಿಂದು ಎದ್ದು ಚಪ್ಪಲಿ ಮೆಟ್ಟುವ ಸದ್ದು ಕೇಳಿದರೆ ದಾಕ್ಷಿ ಕಂಬಳಿ ಮುಸುಕು ಹಾಕಿಕೊಳ್ಳುತ್ತಾಳೆ. ಭೂಮಿ ಬಾಯಿ ಬಿಟ್ಟರೆ ಇಳಿದುಹೋಗೋಣ ಅನ್ನಿಸುತ್ತದೆ. "ಬಾರೇ, ನೀನೂ ಬಾ" ಎಂಬ ಮೂರು ಮಾತು ನಾಲಿಗೆಯ ತುದಿಗೆ ಬರುತ್ತವೆ, ಬಂದು ಹಾಗೇ ಒಳಕ್ಕೆ ಹೋಗುತ್ತವೆ.

ಇದನ್ನು ಸ್ವಾಮಿಗಳ ಮುಂದೆ ಹೇಗೆ ಹೇಳುವುದು? ಅದಕ್ಕೇ ಹೇಳಲಿಲ್ಲ.

ಸ್ವಾಮಿಗಳು ಅಕ್ಕಿಯ ಮೇಲೆ ಕೈಯಾಡಿಸುತ್ತಾ, "ಒಂದು ಕತೆ ಇದೆ, ಕೇಳು. ಕೈ ನಿಲ್ಲಿಸಬೇಡ, ರಾತ್ರಿ ಊಟಕ್ಕೆ ಈ ಅಕ್ಕೀನೇ" ಎಂದು ಶುರು ಮಾಡಿದರು.

ಒಂದೂರಿನಲ್ಲಿ ಒಬ್ಬ ನೇಕಾರನಿದ್ದ. ಕೈಯಲ್ಲಿ ಕಸುಬಿತ್ತು, ಮೂಗಿನ ತುದಿಯಲ್ಲಿ ಕೋಪವಿತ್ತು. ಮನೆಯಲ್ಲಿ ಅವನು, ಅವನ ಹೆಂಡತಿ, ಒಂದು ಮಗ್ಗ.

ಮಗ್ಗಕ್ಕೆ ಮೊದಲ ಸಲ ನೂಲು ಏರಿಸುವುದು ಸುಲಭವಲ್ಲ. ಉದ್ದಕ್ಕೆ ಹೋಗುವ ನೂಲಿಗೆ ಹಾಸು ಎನ್ನುತ್ತಾರೆ. ಹಾಸಿನ ಒಂದೊಂದು ಎಳೆಯನ್ನೂ ಹಣಿಗೆಯ ಹಲ್ಲುಗಳ ಸಂದಿನಿಂದ ಆಚೆಗೆ ದಾಟಿಸಬೇಕು. ಹಣಿಗೆ ಎಂದರೆ ಮಗ್ಗಕ್ಕೆ ಅಡ್ಡಲಾಗಿ ನಿಂತ ದೊಡ್ಡ ಬಾಚಣಿಗೆ. ಈ ಕಡೆ ಕೂತವರು ಎಳೆಯನ್ನು ಕೊಡಬೇಕು, ಆ ಕಡೆ ಕೂತವರು ಕೊಕ್ಕೆಯಿಂದ ಎಳೆದುಕೊಳ್ಳಬೇಕು. ಎಳೆಗಳು ಸಾವಿರಾರು. ಒಬ್ಬರಿಂದ ಆಗುವ ಕೆಲಸವಲ್ಲ. ನೇಕಾರ ಈ ಕಡೆ ಕೂತ, ಅವನ ಹೆಂಡತಿ ಆ ಕಡೆ ಕೂತಳು. ಹೀಗೆ ಅವರ ಮಗ್ಗ ನಡೆಯಿತು.

ಒಮ್ಮೆ ದಾಟಿಸಿದರೆ ಆಯಿತು, ಮತ್ತೆ ಆ ಕಷ್ಟವಿಲ್ಲ. ಯಾಕೆಂದರೆ ಸೀರೆ ಮುಗಿದಾಗ ಯಾವ ನೇಕಾರನೂ ನೂಲನ್ನು ಪೂರ್ತಿ ಕತ್ತರಿಸುವುದಿಲ್ಲ. ಹಣಿಗೆಯಲ್ಲಿ ಒಂದು ಗೇಣು ಹಳೆಯ ನೂಲನ್ನು ಹಾಗೇ ಬಿಡುತ್ತಾನೆ. ಹೊಸ ಹಾಸು ಬಂದಾಗ ಬೆರಳಿಗೆ ಬೂದಿ ಮುಟ್ಟಿಸಿಕೊಂಡು, ಹಳೆಯ ತುದಿಗೆ ಹೊಸ ಎಳೆಯನ್ನು ಇಟ್ಟು ಹೊಸೆಯುತ್ತಾನೆ. ಅದಕ್ಕೆ ಕೆಚ್ಚುವುದು ಎನ್ನುತ್ತಾರೆ. ಕೆಚ್ಚಿ ಮೆಲ್ಲಗೆ ಎಳೆದರೆ, ಹಳೆಯ ನೂಲು ಹೊಸ ನೂಲನ್ನು ಕೈ ಹಿಡಿದು ಹಣಿಗೆ ದಾಟಿಸುತ್ತದೆ. ಹಳೆಯ ಸೀರೆ ಚೆನ್ನಾಗಿತ್ತೋ ಕೆಟ್ಟಿತ್ತೋ, ಆ ತುದಿಗೆ ಅದರ ಗೊಡವೆ ಇಲ್ಲ.

ಒಂದು ಸಲ ನೇಕಾರ ಮದುವೆಯ ಸೀರೆಗಳಿಗೆಂದು ದೊಡ್ಡ ಹಾಸು ಏರಿಸಿದ. ಒಂದು ಎಳೆ ಪಕ್ಕದ ಎಳೆಯ ಮೇಲೆ ಅಡ್ಡ ಬಿದ್ದಿತ್ತು. ಅವನಿಗೆ ಕಾಣಲಿಲ್ಲ. ಆ ಕಡೆ ಕೂತವಳಿಗೆ ಕಂಡಿತು.

"ಇಲ್ಲೊಂದು ಎಳೆ ಅಡ್ಡ ಹೋಗಿದೆ. ಈಗಲೇ ಬಿಡಿಸಿದರೆ ಸರಿಹೋಗುತ್ತದೆ" ಎಂದಳು.

"ಮಗ್ಗದ ಮೇಲೆ ಕೂತಿರುವುದು ನಾನೋ, ನೀನೋ?" ಎಂದ ನೇಕಾರ. ಎಳೆ ಬಿಡಿಸದೆ ಹಾಗೇ ನೇಯ್ದ.

ದಾಕ್ಷಿ ಒಂದು ನೆಲ್ಲನ್ನು ಬೆರಳಲ್ಲಿ ಹಿಡಿದು ಅದನ್ನೇ ನೋಡುತ್ತಿದ್ದಳು.

ಮೊದಲ ಸೀರೆ ಮುಗಿಯಿತು. ನೇಕಾರ ಅದನ್ನು ವರ್ತಕನ ಅಂಗಡಿಗೆ ಒಯ್ದ. ವರ್ತಕ ಸೀರೆಯನ್ನು ಬಿಸಿಲಿಗೆ ಹಿಡಿದು ಬಿಡಿಸಿದ. ಈ ಸೆರಗಿನಿಂದ ಆ ತುದಿಯವರೆಗೆ ಕೂದಲೆಳೆಯಂಥ ಒಂದು ಗೆರೆ. ಅಂಗಡಿಯ ತುಂಬ ಜನ. "ಕೈ ಚೆನ್ನಾಗಿದೆಯಪ್ಪ. ಆದರೆ ಮದುವಣಗಿತ್ತಿಗೆ ಇದನ್ನು ಉಡಿಸಲಾಗದು" ಎಂದ ವರ್ತಕ. ಕೆಲವರು ನಕ್ಕರು. ಕೆಲವರು ಅಯ್ಯೋ ಪಾಪ ಎಂದರು. ನೇಕಾರನಿಗೆ ನಕ್ಕವರ ಮೇಲೆ ಅಷ್ಟು ಸಿಟ್ಟು ಬರಲಿಲ್ಲ. ಪಾಪ ಎಂದವರ ಮುಖ ನೋಡಲಾಗಲಿಲ್ಲ.

ಮನೆಗೆ ಬಂದವನೇ ಚೂರಿ ತೆಗೆದುಕೊಂಡ. ಮಗ್ಗದ ಮೇಲೆ ಉಳಿದ ಹಾಸು ಇನ್ನೂ ಇತ್ತು. ಹೆಂಡತಿ ಅವನ ಕೈ ಹಿಡಿದಳು. "ಹಾಸು ಬೇಕಾದರೆ ಕತ್ತರಿಸಿ. ಹಣಿಗೆಯಲ್ಲಿರುವ ತುದಿ ಬಿಡಿ" ಎಂದಳು. ಅವಳು ಹೇಳಿದ್ದು ಕಸುಬಿನ ಮಾತು. ಅವನಿಗೆ ಮಾತ್ರ, ನಾನು ಆಗಲೇ ಹೇಳಿದ್ದೆನಲ್ಲ ಎಂದಂತೆ ಕೇಳಿಸಿತು. "ಈ ಮನೆಯಲ್ಲಿ ಒಂದೋ ನೀನು, ಇಲ್ಲವೋ ನಾನು" ಎಂದುಬಿಟ್ಟ.

ದಾಕ್ಷಿಯ ಕೈ ಮೊರದಲ್ಲಿ ನಿಂತಿತು. ಇವರಿಗೆ ಯಾರು ಹೇಳಿದರು? ಅಪ್ಪನೇ? ಕದ್ದು ಸ್ವಾಮಿಗಳ ಮುಖ ನೋಡಿದಳು. ಸ್ವಾಮಿಗಳು ಕಣ್ಣು ಕಿರಿದು ಮಾಡಿಕೊಂಡು ಅಕ್ಕಿಯಲ್ಲಿ ಕಲ್ಲು ಹುಡುಕುತ್ತಿದ್ದರು. ಅವರಿಗೆ ಏನೂ ಗೊತ್ತಿದ್ದಂತೆ ಕಾಣಲಿಲ್ಲ. "ಕೈ ನಿಂತಿತಲ್ಲವ್ವ" ಎಂದರು, ಅಷ್ಟೇ. ದಾಕ್ಷಿ ಮತ್ತೆ ಮೊರ ಅಲ್ಲಾಡಿಸಿದಳು. ಯಾವುದು ಅಕ್ಕಿ ಯಾವುದು ಕಲ್ಲು ಎಂದು ಅವಳಿಗೆ ಕಾಣುತ್ತಿರಲಿಲ್ಲ.

ಹೆಂಡತಿ ಜಗಳವಾಡಲಿಲ್ಲ. ಇದ್ದ ಸೀರೆಯಲ್ಲೇ ತವರಿಗೆ ನಡೆದಳು. ನೇಕಾರ ಇದ್ದಬದ್ದ ನೂಲನ್ನೆಲ್ಲ ಕತ್ತರಿಸಿದ. ಹಣಿಗೆಯಲ್ಲಿದ್ದ ತುದಿಯನ್ನೂ ಎಳೆದು ಹಾಕಿದ. ಎಲ್ಲವನ್ನೂ ಒಲೆಗೆ ಹಾಕಿದ. "ಇನ್ನು ಹೊಸದಾಗಿ ಶುರು ಮಾಡುತ್ತೇನೆ. ಹಳೆಯದರ ಒಂದು ಎಳೆಯೂ ನನ್ನ ಮಗ್ಗದಲ್ಲಿರಬಾರದು" ಎಂದುಕೊಂಡ. ಆ ದಿನ ಅವನಿಗೆ ಮನಸ್ಸು ಹಗುರವಾಯಿತು. ಹೊಟ್ಟೆ ತುಂಬ ಉಂಡು ಮಲಗಿದ.

ಹೊಸ ಹಾಸು ತಂದ. ಎಂಥ ಹಾಸು! ಒಂದು ಎಳೆಯಲ್ಲೂ ಒಂದು ಗಂಟಿಲ್ಲ. ಸ್ನಾನ ಮಾಡಿ, ಮಗ್ಗಕ್ಕೆ ಕೈ ಮುಗಿದು, ಬೆರಳಿಗೆ ಬೂದಿ ಮುಟ್ಟಿಸಿಕೊಂಡು ಕೂತ. ಎಳೆಯನ್ನು ಕೆಚ್ಚಲು ಹಣಿಗೆಯಲ್ಲಿ ತುದಿಯನ್ನು ಹುಡುಕಿದ. ತುದಿ ಇರಲಿಲ್ಲ. ಹಣಿಗೆಯ ಹಲ್ಲುಗಳ ನಡುವೆ ಗೋಡೆ ಕಾಣುತ್ತಿತ್ತು.

ಸರಿ, ಒಬ್ಬನೇ ದಾಟಿಸುತ್ತೇನೆ ಎಂದು ಹಟ ಹಿಡಿದ. ಈ ಕಡೆಯಿಂದ ಒಂದು ಎಳೆಯನ್ನು ಸಂದಿಗೆ ತೂರಿಸುವನು. ಎದ್ದು ಮಗ್ಗ ಸುತ್ತಿ ಆ ಕಡೆಗೆ ಓಡುವನು. ಅವನು ಹೋಗುವಷ್ಟರಲ್ಲಿ ಎಳೆ ಜಾರಿ ಈ ಕಡೆಗೇ ಬಿದ್ದಿರುವುದು. ಮತ್ತೆ ಸುತ್ತಿ ಬರುವನು, ಮತ್ತೆ ತೂರಿಸುವನು. ಹತ್ತು ಎಳೆ ದಾಟಿದರೆ ಎಂಟು ಹಿಂದಕ್ಕೆ ಬೀಳುವುವು. ಬೆಳಿಗ್ಗೆಯಿಂದ ಬೈಗಿನ ತನಕ ಮಗ್ಗವನ್ನು ಸುತ್ತಿ ಸುತ್ತಿ ಕಾಲು ಸೋತವು. ನೂಲು ನಡೆಯಲಿಲ್ಲ, ಅವನೇ ನಡೆದ.

ನೆರೆಯವರನ್ನು ಕರೆಯಬಹುದಿತ್ತು. ನೇಕಾರರ ಕೇರಿಯಲ್ಲಿ ಆ ಕಡೆ ಕೂರುವವರಿಗೇನು ಕೊರತೆ? ಆದರೆ ಕರೆದರೆ ಬಂದವರು ಮೊದಲು ಕೇಳುವುದು ಒಂದೇ ಪ್ರಶ್ನೆ: ನಿನ್ನ ಹೆಂಡತಿ ಎಲ್ಲಿ? ಅದಕ್ಕೆ ಉತ್ತರ ಹೇಳಬೇಕಲ್ಲ ಎಂದು ಅವನು ಬಾಗಿಲು ಹಾಕಿಕೊಂಡ.

ಒಂದು ದಿನ ಗಟ್ಟಿ ಮನಸ್ಸು ಮಾಡಿ ಹೆಂಡತಿಯ ತವರಿನ ದಾರಿ ಹಿಡಿದ. ಊರಾಚೆಯ ಹುಣಸೆ ಮರದ ತನಕ ಹೋದ. ಅಲ್ಲಿ ನಿಂತು, ಹೋಗಿ ಏನೆಂದು ಕರೆಯಲಿ ಎಂದು ಯೋಚಿಸಿದ. ತಪ್ಪಾಯಿತು ಎನ್ನಬೇಕು. ಆ ಮಾತು ಅವನ ಬಾಯಿಗೆ ಅಭ್ಯಾಸವಿರಲಿಲ್ಲ. ನಾಳೆ ಹೋದರಾಯಿತು ಎಂದು ಹಿಂದಿರುಗಿದ. ಮರುದಿನವೂ ಹುಣಸೆ ಮರದ ತನಕ ಹೋದ. ಕೊನೆಕೊನೆಗೆ ಮನೆಯ ಹೊಸ್ತಿಲ ತನಕ ಬಂದು ಅಲ್ಲೇ ಕೂರತೊಡಗಿದ.

ಅವನು ಕೂತಿದ್ದಂತೆ ಹೊಸ ಹಾಸಿನ ನೂಲಿಗೆ ಇಲಿ ಬಿತ್ತು. ಇಲಿ ಬಿಟ್ಟದ್ದನ್ನು ಗೆದ್ದಲು ತಿಂದಿತು. ಆ ಮನೆಯಿಂದ ಮತ್ತೆ ಲಾಳಿಯ ಸದ್ದು ಕೇಳಲಿಲ್ಲ. ನೇಕಾರ ಬೇರೆಯವರ ಸೀರೆ ಗಂಟುಗಳನ್ನು ಸಂತೆಗೆ ಹೊತ್ತು ಜೀವ ಸವೆಸಿದ. ಅವನ ಹೆಂಡತಿಯೂ ತವರೂರಿನಲ್ಲಿ ಯಾರದೋ ಮಗ್ಗದ ಆ ಕಡೆ ಕೂತು ಎಳೆ ಎಳೆಯುತ್ತಾ ಮುದುಕಿಯಾದಳು. ಇಬ್ಬರ ಕೈಯಲ್ಲೂ ಕಸುಬಿತ್ತು. ಅವರ ಮನೆಯ ಮಗ್ಗ ಮಾತ್ರ ಬರಿದಾಗಿಯೇ ಉಳಿಯಿತು.

ಸ್ವಾಮಿಗಳು ಕತೆ ಮುಗಿಸಿದರು. ಮೊರದ ಅಕ್ಕಿಯನ್ನು ಪಾತ್ರೆಗೆ ಸುರಿದರು. ಹಜಾರದಲ್ಲಿ ಬೇರೆ ಯಾರೂ ಇರಲಿಲ್ಲ.

ದಾಕ್ಷಿಗೆ ಪುಸ್ತಕ ಸುಟ್ಟ ದಿನ ತನಗೂ ಹೀಗೇ ಹಗುರವಾಗಿದ್ದು, ಹೊಟ್ಟೆ ತುಂಬ ಉಂಡಿದ್ದು ನೆನಪಾಯಿತು. ಬಡಿಸಿದವಳು ಬಿಂದು. ಬಡಿಸುವಾಗ ಅವಳ ಬೆರಳುಗಳು ಸೋಪಿನ ನೀರಿನಲ್ಲಿ ನೆನೆದು ಸುಕ್ಕುಗಟ್ಟಿದ್ದವು. ಅದನ್ನು ದಾಕ್ಷಿ ನೋಡಿದ್ದಳು. ನೋಡಿ ಇನ್ನೊಂದು ಸೌಟು ಸಾರು ಹಾಕಿಸಿಕೊಂಡಿದ್ದಳು. ಈಗ, ಥೂ ನನ್ನ ಜನ್ಮಕ್ಕಿಷ್ಟು ಎಂದುಕೊಂಡಳು.

"ಅವನು ಹೋಗಿ ಕರೆದಿದ್ದರೆ ಅವಳು ಬರ್ತಿದ್ದಳಾ ಬುದ್ಧಿ?" ಎಂದು ಕೇಳಿದಳು.

"ಯಾರಿಗೆ ಗೊತ್ತು? ಅವನು ಕರೆಯಲೇ ಇಲ್ಲವಲ್ಲ."

ಅದೂ ಸಮಾಧಾನವಲ್ಲ. ಬಿಂದುವನ್ನು ಕರೆದರೆ ಬಂದಾಳೇ? ಬಂದರೂ ಹೋಟೆಲಿಗೆ ಅವಳ ಕೈ ಅಂಟಿಕೊಂಡ ಮೇಲೆ ಅಪ್ಪ ಬಿಟ್ಟಾರೇ? ಮೊನ್ನೆ ತಾನೇ ಅಪ್ಪ ಗಿರಾಕಿಯೊಬ್ಬರಿಗೆ, "ಬಿಂದು ಬಂದ ಮೇಲೆ ನಮಗೆ ಎಷ್ಟೋ ಆರಾಮ" ಎಂದದ್ದು ದಾಕ್ಷಿಯ ಕಿವಿಗೆ ಬಿದ್ದಿತ್ತು. ತಾನು ಹುಣಸೆ ಮರದ ತನಕವೂ ಹೋಗಿಲ್ಲ. ಒಂದೇ ಮನೆಯಲ್ಲಿ, ಒಂದೇ ಚಾಪೆಯಲ್ಲಿ ಮಲಗುವ ತಂಗಿಯ ಕಡೆಗೆ ಮಗ್ಗುಲು ತಿರುಗಲಿಕ್ಕೂ ಆಗಿಲ್ಲ. ಇನ್ನು ಎಲ್ಲಾ ಮುಗಿಯಿತು ಅನ್ನಿಸಿ ಅವಳ ಕಣ್ಣಲ್ಲಿ ನೀರು ತುಂಬಿಕೊಂಡಿತು.

ಆದರೂ ಮನುಷ್ಯರ ಬುದ್ಧಿ ನೋಡಿ, ಮುಳುಗುವಾಗಲೂ ತಪ್ಪಿಸಿಕೊಳ್ಳುವ ದಾರಿಯನ್ನೇ ಹುಡುಕುತ್ತದೆ. ದಾಕ್ಷಿ ಚೂಡಿದಾರದ ತೋಳಿನಿಂದ ಮೂಗು ಒರೆಸಿಕೊಂಡಳು. "ನಾನು ಕೇಳಿದ್ದಕ್ಕೆ ನೀವು ಉತ್ತರ ಹೇಳಲೇ ಇಲ್ಲ ಬುದ್ಧಿ. ಶಾಲೆಗೆ ಹೋಗಲೋ, ಬೇಡವೋ?" ಎಂದು ಮೊದಲಿನ ಪ್ರಶ್ನೆಯನ್ನೇ ಮತ್ತೆ ಹಿಡಿದಳು.

ಸ್ವಾಮಿಗಳು ಅವಳ ಮಗ್ಗುಲಲ್ಲಿದ್ದ ಖಾಲಿ ಮೊರವನ್ನು ತೆಗೆದುಕೊಂಡರು. ಅದರ ಮೇಲೆ ಕೂತಿದ್ದ ಧೂಳನ್ನು ಅಂಗೈಯಿಂದ ಒರೆಸಿ, ಅವಳ ಎದುರಿಗೆ, ಆ ಕಡೆಗೆ ಇಟ್ಟರು.

"ಬಿಂದು ಎಲ್ಲವ್ವಾ?"